ಐದು ಮಿಲಿಗ್ರಾಂ ಮಾತ್ರೆ: ಹದಿನಾಲ್ಕು ತಿಂಗಳು ಕೊಟ್ಟ ಮೇಲೆ

ನಾನು ಹಾಸನದ ಎಪಿಎಂಸಿಯಲ್ಲಿ ಆಲೂಗಡ್ಡೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮಗನಿಗೆ ಈಗ ಎಂಟು ವರ್ಷ. ಅವನಿಗೆ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ) ಇದೆ ಅಂತ ಗೊತ್ತಾಗಿ ಮೂರು ವರ್ಷವಾಯಿತು. ಇಷ್ಟರಲ್ಲಿ ಮೂರು ಬಗೆಯ ಔಷಧ ಕೊಟ್ಟು ನೋಡಿದ್ದೇವೆ. ಅದರಲ್ಲಿ ಒಂದು ಮಾತ್ರ ಒಗ್ಗಿ ಉಳಿದಿದೆ. ಮೀಥೈಲ್‌ಫೆನಿಡೇಟ್ 5 ಮಿಲಿಗ್ರಾಂ, ಸಣ್ಣ ಮಾತ್ರೆ, ದಿನಕ್ಕೆ ಎರಡು.

ಐದನೇ ವಯಸ್ಸಿನಲ್ಲಿ ತೋರಿಸಿದಾಗ ಡಾಕ್ಟರ್ ಮಾತ್ರೆ ಬರೆಯಲೇ ಇಲ್ಲ. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲು ಅಪ್ಪ ಅಮ್ಮನಿಗೇ ತರಬೇತಿ ಅಂದರು. ಆಗ ನನಗೆ ಬೇಜಾರಾಗಿತ್ತು. ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೂ ಹೋದೆವು, ಅಲ್ಲೂ ಅದೇ ಮಾತು. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಹತ್ತಿರ ಹೋಗಿ ಕಣ್ಣು ನೋಡಿ ಹೇಳಿ, ಮಾಡಿದ ಕೂಡಲೇ ಮೆಚ್ಚಿಕೊಳ್ಳಿ. ಇದರಿಂದ ಮನೆಯಲ್ಲಿ ಕಿರುಚಾಟ ಅರ್ಧ ಕಡಿಮೆಯಾಯಿತು. ಶಾಲೆಯಲ್ಲಿ ಮಾತ್ರ ಆಗಲಿಲ್ಲ.

ಆರೂವರೆಗೆ ಔಷಧದ ಮಾತು ಬಂತು. ಮೀಥೈಲ್‌ಫೆನಿಡೇಟ್ 1985ರ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕ ವಸ್ತುಗಳ ಕಾನೂನಿನ, ಕೆಳಗೆ ಬರುತ್ತದೆ ಅಂತ ಕೇಳಿ ನನಗೆ ನಡುಕ ಹುಟ್ಟಿತು. ಬೇರೆ ಏನಾದರೂ ಕೊಡಿ ಅಂತ ನಾನೇ ಹಠ ಮಾಡಿದೆ. ಅಟೊಮಾಕ್ಸೆಟಿನ್ ಕೊಟ್ಟರು. ಮೊದಲು 10 ಮಿಲಿಗ್ರಾಂ, ಆಮೇಲೆ ನಿಧಾನವಾಗಿ 25. ಅದು ದಿನವೂ ತಪ್ಪದೆ ಕೊಡಬೇಕಾದ ಕ್ಯಾಪ್ಸೂಲ್, ಪೂರ್ತಿ ಫಲ ಕಾಣಲು ನಾಲ್ಕರಿಂದ ಆರು ವಾರ ಬೇಕು. ಮಗನಿಗೆ ಹೊಟ್ಟೆ ತೊಳಸುತ್ತಿತ್ತು, ಕ್ಲಾಸಿನಲ್ಲಿ ತೂಕಡಿಸುತ್ತಿದ್ದ. ಎಂಟು ವಾರ ಕಾದೆವು. ಡಾಕ್ಟರೇ ಬೇಡ ಅಂದರು. ಬೇರೆ ಎಷ್ಟೋ ಮಕ್ಕಳಿಗೆ ಅದೇ ಸರಿಹೋಗುತ್ತದೆ, ಹಾಗಾಗಿ ಅದನ್ನು ಕೆಟ್ಟದ್ದು ಅನ್ನೋದಿಲ್ಲ. ನಮ್ಮವನಿಗೆ ಒಗ್ಗಲಿಲ್ಲ, ಅಷ್ಟೇ.

ಆಮೇಲೆ ಈ ಸಣ್ಣ ಮಾತ್ರೆ. ಶುರು ಮಾಡುವ ಮೊದಲು ಎತ್ತರ, ತೂಕ, ನಾಡಿ, ಬಿಪಿ ನೋಡಿದರು. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆಯಿಂದ ಹೋಗಿದ್ದಾರಾ ಅಂತ ಎರಡು ಸಲ ಕೇಳಿದರು. ನಿಮ್ಮ ಡಾಕ್ಟರ್ ಕೇಳದಿದ್ದರೆ ನೀವೇ ಹೇಳಿ.

ಮೊದಲ ಮಾತ್ರೆ ಭಾನುವಾರ ಕೊಡಿ, ಪಕ್ಕದಲ್ಲೇ ಕೂತು ನೋಡಿ ಅಂದಿದ್ದರು. ಎಂಟೂ ಇಪ್ಪತ್ತಕ್ಕೆ ಕೊಟ್ಟೆ. ಒಂಬತ್ತರ ಹೊತ್ತಿಗೆ ಅವನು ಕಾಪಿ ಪುಸ್ತಕ ತೆಗೆದ. ಅಜ್ಜಿ, ಹಕ್ಕಿ, ಬೆಟ್ಟ, ಕತ್ತೆ. ಅವನ ಒತ್ತಕ್ಷರ ಯಾವಾಗಲೂ ಕೆಳಗಿನ ಗೆರೆ ದಾಟಿ ಎಲ್ಲೋ ಬೀಳುತ್ತಿತ್ತು. ಮೂರನೇ ಪದಕ್ಕೆ ಪೆನ್ಸಿಲ್ ಬಾಯಿಗೆ ಹೋಗುತ್ತಿತ್ತು. ಅವತ್ತು ಒಂದು ಇಡೀ ಪುಟ ಬರೆದ. ಒತ್ತು ಒತ್ತಿನ ಜಾಗದಲ್ಲೇ ಕೂತಿತ್ತು. ತಲೆ ಎತ್ತಿ "ಅಪ್ಪಾ, ಮುಗೀತು" ಅಂದ. ಅವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ನಾನು ಎದ್ದು ಹಿತ್ತಲಿಗೆ ಹೋದೆ.

ಹನ್ನೆರಡೂವರೆಗೆ ದೋಸೆ ಹರಿದಿದೆ ಅಂತ ಕಾಲು ಗಂಟೆ ಅತ್ತ. ಅದು ಮಾತ್ರೆ ಇಳಿಯುವ ಹೊತ್ತು. ಮೂರರಿಂದ ನಾಲ್ಕು ಗಂಟೆ ಇದರ ಕೆಲಸ, ಆಮೇಲೆ ಇಲ್ಲ. ಇಳಿಯುವಾಗ ಮಗು ಸಿಡುಕುತ್ತದೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಅವತ್ತು ನಾನು ಗದರುತ್ತಿರಲಿಲ್ಲ. ಕಳೆದ ಆಶ್ವಯುಜದಲ್ಲಿ ಹಾಸನಾಂಬೆ ದರ್ಶನದ ಸಾಲಿನಲ್ಲಿ ನಾಲ್ಕು ಗಂಟೆ ನಿಂತಾಗಲೂ ಹೀಗೇ ಆಯಿತು. ಮೂರು ಗಂಟೆ ನನ್ನ ಕೈ ಹಿಡಿದು ಚೆನ್ನಾಗಿಯೇ ನಿಂತಿದ್ದ.

ಈ ಔಷಧ ಹಸಿವು ಕಡಿಮೆ ಮಾಡುತ್ತದೆ. ಆ ವಿಷಯ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ನಾವು ಔಷಧ ಆರಿಸಿದ್ದೇ ಅದರ ಮೇಲೆ. ಮಧ್ಯೆ ಒಂದು ತಿಂಗಳು ಇದೇ ಔಷಧದ ಉದ್ದ ಕೆಲಸ ಮಾಡುವ ಮಾತ್ರೆ ಕೊಟ್ಟೆವು. ಬೆಳಿಗ್ಗೆ ಒಂದು ನುಂಗಿಸಿದರೆ ಸಾಯಂಕಾಲದವರೆಗೂ ಸಾಕು, ಜಗಿಯಬಾರದು, ಪುಡಿ ಮಾಡಬಾರದು. ಶಾಲೆಯಲ್ಲಿ ಮಾತ್ರೆ ಕೊಡುವ ತಾಪತ್ರಯವೇ ಇಲ್ಲ. ಆದರೆ ಮಗ ಬಿಸಿಯೂಟ ಮುಟ್ಟಲಿಲ್ಲ. ರಾತ್ರಿ ಹನ್ನೊಂದಾದರೂ ನಿದ್ದೆ ಇಲ್ಲ. ಸಣ್ಣ ಮಾತ್ರೆಯಲ್ಲಾದರೆ ಬೆಳಗಿನದು ಹನ್ನೆರಡಕ್ಕೆ ಇಳಿಯುತ್ತದೆ, ಹಸಿವು ತಿರುಗಿ ಬರುತ್ತದೆ. ಅನ್ನ ಸಾರು, ಮೊಟ್ಟೆ ತಿಂದ ಮೇಲೆ ಟೀಚರ್ ಎರಡನೆಯದು ಕೊಡುತ್ತಾರೆ. ಆ ತಾಯಿ ಒಂದು ದಿನವೂ ಮರೆತಿಲ್ಲ. ಡಾಕ್ಟರನ್ನು ಕೇಳಿ ಮತ್ತೆ ಸಣ್ಣದಕ್ಕೇ ಬಂದೆವು.

ಆದರೂ ಶುರುವಿನ ಎರಡು ತಿಂಗಳಲ್ಲಿ 22 ಕೆಜಿ 400 ಗ್ರಾಂ ಇದ್ದವನು 21 ಕೆಜಿ 600ಕ್ಕೆ ಇಳಿದಿದ್ದ. ಪ್ರತಿ ತಿಂಗಳ ಮೊದಲ ಸೋಮವಾರ ನಾನು ಅವನನ್ನು ಮಂಡಿಯ ತಕ್ಕಡಿ ಮೇಲೆ ನಿಲ್ಲಿಸುತ್ತೇನೆ. ಈಗ ಬೆಳಿಗ್ಗೆ ಮಾತ್ರೆಗೆ ಮೊದಲು ಅಕ್ಕಿ ರೊಟ್ಟಿ, ಬೆಣ್ಣೆ ಹೊಟ್ಟೆ ತುಂಬ. ಸಾಯಂಕಾಲ ಐದೂವರೆಗೆ ನಿಜವಾದ ಊಟ, ಬಿಸ್ಕತ್ತು ಅಲ್ಲ. ಮಲಗುವ ಮುಂಚೆ ಬಾಳೆಹಣ್ಣು, ಹಾಲು. ದಸರಾ ರಜೆಯಲ್ಲಿ ಡಾಕ್ಟರ್ ಒಪ್ಪಿಗೆ ಪಡೆದು ಮಾತ್ರೆ ಬಿಟ್ಟೆವು, ಆಗ ಚೆನ್ನಾಗಿ ತಿಂದ.

ಔಷಧ ಸಿಗುವುದು ಕಷ್ಟ, ಇದಕ್ಕೆ ಒಂದು ಸ್ಟಾರ್ ಕಳೆಯಲೇಬೇಕು. ಊರಿನ ಎಲ್ಲ ಮೆಡಿಕಲ್‌ನಲ್ಲೂ ಇಟ್ಟಿರುವುದಿಲ್ಲ. ಒಂದು ಅಂಗಡಿಯವನು ಚೀಟಿ ನೋಡಿ, ಹತ್ತು ಜನರ ಎದುರಿಗೆ, ಮಗನ ಮುಖ ನೋಡುತ್ತಾ "ತಲೆ ಕೆಟ್ಟವರ ಮಾತ್ರೆ ನಮ್ಮಲ್ಲಿಲ್ಲ" ಅಂದ. ಮಗ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆ ಹತ್ತಿರ ಬಂದ ಮೇಲೆ "ನನ್ ತಲೆ ಕೆಟ್ಟಿದ್ಯಾ ಅಪ್ಪಾ" ಅಂದ. ಆ ಮಾತು ಇನ್ನೂ ಚುಚ್ಚುತ್ತದೆ. ಕನ್ನಡಕ ಹಾಕುವವರ ಕಣ್ಣು ಕೆಟ್ಟಿದ್ಯಾ, ಹಾಗೆ ಅಂತ ಹೇಳಿದೆ. ಈಗ ಇನ್ನೊಂದು ಸಣ್ಣ ಅಂಗಡಿಯವರು ಮೊದಲೇ ಹೇಳಿದರೆ ತರಿಸಿಕೊಡುತ್ತಾರೆ, ಮಗನಿಗೆ ಏನೋ ಪುಟ್ಟ, ಯಾವ ಕ್ಲಾಸು ಅಂತ ಮಾತಾಡಿಸುತ್ತಾರೆ. ಮಾತ್ರೆ ಮುಗಿಯುವ ಒಂದು ವಾರ ಮೊದಲೇ ಹೇಳಿಡಿ. ಮನೆಯಲ್ಲಿ ಬೀಗ ಹಾಕಿದ ಡಬ್ಬಿಯಲ್ಲಿಡಿ, ನಮ್ಮ ಚಿಕ್ಕವಳಿಗೆ ನಾಲ್ಕು ವರ್ಷ.

ಮಗು ಮಂಕಾಗುತ್ತಾ ಅಂತ ನೆಂಟರೆಲ್ಲ ಕೇಳುತ್ತಾರೆ. ನನಗೂ ಅದೇ ಭಯ ಇತ್ತು. ಡೋಸ್ 10 ಮಾಡಿದ ವಾರ ಅವನು ನಗುವುದನ್ನೇ ಬಿಟ್ಟ, ಗುಬ್ಬಿ ಹಾಗೆ ಮೂಲೆಯಲ್ಲಿ ಕೂತ. ಫೋನ್ ಮಾಡಿದೆವು. ಅದು ಜಾಸ್ತಿಯಾಗಿದೆ, ಇಳಿಸಿ ಅಂದರು. ಐದಕ್ಕೆ ಇಳಿಸಿದ ಮೇಲೆ ಮೊದಲಿನ ಹಾಗೆ ತಂಗಿಯ ಜಡೆ ಎಳೆಯತೊಡಗಿದ. ಅವಳು ಅಳುತ್ತಾ ಓಡಿ ಬಂದಳು, ನಮಗೆ ನೆಮ್ಮದಿಯಾಯಿತು.

ಈ ಮಾತ್ರೆಗೆ ನಾನು ಕೊಡುವುದು ಐದರಲ್ಲಿ ನಾಲ್ಕು ಸ್ಟಾರ್. ಕಳೆದ ಸೋಮವಾರ ತಕ್ಕಡಿಯಲ್ಲಿ 24 ಕೆಜಿ 300 ತೋರಿಸಿತು. ಅವನೇ ಓದಿ ಹೇಳಿದ, ನಾನು ಬರೆದುಕೊಂಡೆ.