ಡಿಸೈನ್‌ಗೂ ಆಟಕ್ಕೂ ಒಂದೇ ಪಿಸಿ: ಎರಡೆರಡು ಬಿಡಿಭಾಗ ಓಡಿಸಿ ನೋಡಿದ ಮೇಲೆ

ಡಿಸೈನ್ ಕೆಲಸಕ್ಕೂ ಗೇಮಿಂಗ್‌ಗೂ ಒಂದೇ ಪಿಸಿ ಕಟ್ಟುವುದು ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ. ಹಾಗಂತ ಆಗದ ಕೆಲಸ ಏನಲ್ಲ. ನಾನೂ ನನ್ನ ಗೆಳೆಯನೂ ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಕಟ್ಟಿದೆವು. ಅವನದು ವಿಡಿಯೋ ಎಡಿಟಿಂಗ್, ನನ್ನದು ಫೋಟೋಶಾಪ್, ಇಲ್ಲಸ್ಟ್ರೇಟರ್ ಮತ್ತು 3ಡಿ ಕೆಲಸದ ಬ್ಲೆಂಡರ್. ಒಬ್ಬರ ಗ್ರಾಫಿಕ್ಸ್ ಕಾರ್ಡ್ ಇನ್ನೊಬ್ಬರ ಪಿಸಿಗೆ ಹಾಕಿ, ಒಬ್ಬರ ಪಿಸಿಯಲ್ಲಿ ಇನ್ನೊಬ್ಬರು ಕೆಲಸ ಮಾಡಿ ನೋಡಿದ್ದರಿಂದ ಈ ಹೋಲಿಕೆ.

ಮೊದಲು ಪ್ರೊಸೆಸರ್. ನನ್ನದು ಎಎಂಡಿ ರೈಜನ್ 7 7800ಎಕ್ಸ್3ಡಿ, 8 ಕೋರ್ (ಲೆಕ್ಕ ಮಾಡುವ ಘಟಕ), 16 ಥ್ರೆಡ್ (ಒಟ್ಟಿಗೇ ನಡೆಸಬಲ್ಲ ಕೆಲಸದ ಎಳೆ). ಅವನದು ಇಂಟೆಲ್ ಕೋರ್ ಐ7-14700ಕೆ, 8 ದೊಡ್ಡ ಕೋರ್, 12 ಚಿಕ್ಕ ಕೋರ್, ಒಟ್ಟು 28 ಥ್ರೆಡ್. ಬರೀ ಈ ಲೆಕ್ಕ ನೋಡಿದರೆ ಇಂಟೆಲ್ ಆಗಲೇ ಗೆದ್ದಂತೆ. ಎಲ್ಲಾ ಕೋರ್ ದುಡಿಯುವ ಕೆಲಸದಲ್ಲಿ ನಿಜವಾಗಿಯೂ ಗೆಲ್ಲುತ್ತದೆ. ಸಿಪಿಯುನಲ್ಲೇ, ಅಂದರೆ ಪ್ರೊಸೆಸರ್‌ನಲ್ಲೇ, ರೆಂಡರ್ ಮಾಡಿದರೆ (3ಡಿ ಸೀನನ್ನು ಅಂತಿಮ ಚಿತ್ರವಾಗಿಸಿದರೆ) ಹತ್ತಿರಹತ್ತಿರ ಎರಡು ಪಟ್ಟು ವೇಗ. ಆದರೆ ಬ್ಲೆಂಡರ್‌ನ ರೆಂಡರ್ ಎಂಜಿನ್ ಸೈಕಲ್ಸ್‌ನಲ್ಲಿ ಆ ಕೆಲಸವನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಬಿಟ್ಟ ಮೇಲೆ ಆ ಕೋರ್‌ಗಳಿಗೆ ಏನು ಕೆಲಸ ಹೇಳಿ? ಸುಮ್ನೆ ಕೂತಿರುತ್ತವೆ. ನನ್ನ ದಿನದ ಬಹುಪಾಲು ಹೋಗುವುದು ಲೇಯರ್ ಎಳೆಯುವುದರಲ್ಲಿ, ಬ್ರಷ್ ಓಡಿಸುವುದರಲ್ಲಿ, ಮಾಡಿಫೈಯರ್ ಸ್ಲೈಡರ್ ತಿರುಗಿಸಿ ವ್ಯೂಪೋರ್ಟ್ (ಮಾಡೆಲ್ ಕಾಣುವ ಕಿಟಕಿ) ಯಾವಾಗ ಅಲುಗಾಡುತ್ತದೆ ಎಂದು ಕಾಯುವುದರಲ್ಲಿ. ಅಲ್ಲಿ ಲೆಕ್ಕಕ್ಕೆ ಬರುವುದು ಒಂದೆರಡು ಕೋರ್‌ಗಳ ವೇಗ. ಒಂದೇ ಫೈಲ್ ಎರಡರಲ್ಲೂ ತೆರೆದಾಗ ಇಂಟೆಲ್ ಸ್ವಲ್ಪ ಚುರುಕು, 5.6 ಗಿಗಾಹರ್ಟ್ಜ್‌ವರೆಗೆ ಹೋಗುತ್ತದಲ್ಲ. ಆದರೆ ಕಣ್ಣಿಗೆ ಬಡಿಯುವಷ್ಟಲ್ಲ.

ಆಟದಲ್ಲಿ ಎಎಂಡಿ ಮುಂದೆ. ಕಾರಣ 96 ಎಂಬಿ ಎಲ್3 ಕ್ಯಾಶ್, ಅಂದರೆ ಚಿಪ್‌ನೊಳಗೇ ಇರುವ ವೇಗದ ಮೆಮೊರಿ. ಇಂಟೆಲ್‌ನಲ್ಲಿ ಇರುವುದು 33. ಆದರೂ ಒಂದು ಮಾತು. 1440ಪಿ ರೆಸಲ್ಯೂಷನ್‌ನಲ್ಲಿ ಎಲ್ಲಾ ಸೆಟ್ಟಿಂಗ್ ಮೇಲಕ್ಕೇರಿಸಿ ಆಡಿದರೆ ಕಾರ್ಡ್ ಮೊದಲು ಸುಸ್ತಾಗುತ್ತದೆ, ಪ್ರೊಸೆಸರ್ ಯಾವುದಾದರೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗುವುದು ಊರು ಕಟ್ಟುವ ಆಟಗಳಲ್ಲಿ, ಸೆಟ್ಟಿಂಗ್ ಇಳಿಸಿ ಫ್ರೇಮ್‌ಗಾಗಿ ಆಡುವ ಶೂಟರ್‌ಗಳಲ್ಲಿ.

ಬಿಸಿಯ ವಿಷಯಕ್ಕೆ ಬಂದರೆ ಅಜಗಜಾಂತರ. 14700ಕೆ ಪೂರ್ತಿ ದುಡಿಯುವಾಗ 253 ವ್ಯಾಟ್‌ವರೆಗೆ ಎಳೆಯಬಹುದು. ನನ್ನದು 100 ದಾಟುವುದೇ ಇಲ್ಲ, ಸಾಧಾರಣ ಏರ್ ಕೂಲರ್ ಸಾಕಾಯಿತು. ಅವನು 360 ಎಂಎಂ ಲಿಕ್ವಿಡ್ ಕೂಲರ್ ಹಾಕಿಸಬೇಕಾಯಿತು, ಅದರ ಜೊತೆ ಅದು ಹಿಡಿಸುವ ಕೇಸ್ ಬೇರೆ. ಇನ್ನೊಂದು, 13 ಮತ್ತು 14ನೇ ತಲೆಮಾರಿನ ಇಂಟೆಲ್ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ವೋಲ್ಟೇಜ್ ಜಾಸ್ತಿಯಾಗಿ ಕ್ರ್ಯಾಶ್ ಆಗುವ ಸಮಸ್ಯೆ ಇತ್ತು. 2024ರಲ್ಲಿ ಇಂಟೆಲ್ ಮೈಕ್ರೋಕೋಡ್ (ಚಿಪ್‌ನೊಳಗಿನ ಮೂಲ ಸೂಚನೆಗಳು) ಅಪ್‌ಡೇಟ್ ಕೊಟ್ಟು ವಾರಂಟಿಯನ್ನೂ 2 ವರ್ಷ ಹೆಚ್ಚಿಸಿತು. ಈಗ ಕೊಳ್ಳುವುದಾದರೆ ಮೊದಲು ಬಯೋಸ್ (ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್, ಆಮೇಲೆ ಉಳಿದಿದ್ದು. ಸೆಕೆಂಡ್ ಹ್ಯಾಂಡ್ ಚಿಪ್ ನಾನಂತೂ ಮುಟ್ಟುವುದಿಲ್ಲ.

ಹಾಗಾದರೆ ಇಂಟೆಲ್ ಯಾರಿಗೆ? ನನ್ನ ಗೆಳೆಯನಂಥವರಿಗೆ. ಅವನ ಕ್ಯಾಮೆರಾ ಕೊಡುವುದು 4:2:2 10-ಬಿಟ್ ಎಚ್‌ಇವಿಸಿ ಫೈಲ್, ಅಂದರೆ ಬಣ್ಣದ ವಿವರ ಹೆಚ್ಚಿರುವ, ಒತ್ತಿ ಚಿಕ್ಕದಾಗಿಸಿದ ವಿಡಿಯೋ. ಎನ್‌ವಿಡಿಯಾದ ಆರ್‌ಟಿಎಕ್ಸ್ 40 ಸರಣಿಯ ಕಾರ್ಡಾಗಲಿ ಎಎಂಡಿಯ ಆರ್‌ಎಕ್ಸ್ 7000 ಸರಣಿಯದಾಗಲಿ ಅದನ್ನು ಹಾರ್ಡ್‌ವೇರ್‌ನಲ್ಲಿ ಬಿಚ್ಚುವುದಿಲ್ಲ (ಡಿಕೋಡ್ ಮಾಡುವುದಿಲ್ಲ). ಇಂಟೆಲ್ ಚಿಪ್‌ನ ಒಳಗಿನ ಪುಟ್ಟ ಗ್ರಾಫಿಕ್ಸ್‌ನಲ್ಲಿರುವ ಕ್ವಿಕ್ ಸಿಂಕ್ ಬಿಚ್ಚುತ್ತದೆ. ಅವನ ಟೈಮ್‌ಲೈನ್ ನನ್ನ ಪಿಸಿಯಲ್ಲಿ ತೆರೆದಾಗ ಪ್ಲೇಹೆಡ್ ಎಳೆದಲ್ಲೆಲ್ಲ ಚಿತ್ರ ನಿಂತು ನಿಂತು ಬರುತ್ತಿತ್ತು. ಅವನದರಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಕೊನೆಯಲ್ಲಿ 'ಕೆಎಫ್' ಇರುವ ಚಿಪ್‌ನಲ್ಲಿ ಆ ಗ್ರಾಫಿಕ್ಸೇ ಇರುವುದಿಲ್ಲ, ನೋಡಿ ತೆಗೆದುಕೊಳ್ಳಿ.

ಈಗ ಗ್ರಾಫಿಕ್ಸ್ ಕಾರ್ಡ್. ನಿಜವಾದ ತಲೆನೋವು ಇದೇ. ಒಂದು ಕಡೆ ಎನ್‌ವಿಡಿಯಾ ಆರ್‌ಟಿಎಕ್ಸ್ 4070 ಸೂಪರ್, 12 ಜಿಬಿ ಮೆಮೊರಿ. ಇನ್ನೊಂದು ಕಡೆ ಎಎಂಡಿ ಆರ್‌ಎಕ್ಸ್ 7800 ಎಕ್ಸ್‌ಟಿ, 16 ಜಿಬಿ. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕುವುದು) ಇಲ್ಲದೆ ಆಡಿದರೆ ಎರಡೂ ಹತ್ತಿರಹತ್ತಿರ, ಎನ್‌ವಿಡಿಯಾ ಒಂದು ಹೆಜ್ಜೆ ಮುಂದೆ ಅಷ್ಟೇ. ರೇ ಟ್ರೇಸಿಂಗ್ ಹಾಕಿದ ತಕ್ಷಣ ಅಂತರ ದೊಡ್ಡದಾಗುತ್ತದೆ. ಸೈಬರ್‌ಪಂಕ್ 2077ರಲ್ಲಿ ಅದರ ಇನ್ನೂ ಭಾರದ ರೂಪವಾದ ಪಾತ್ ಟ್ರೇಸಿಂಗ್ ಅಂತೂ ಎಎಂಡಿ ಕಾರ್ಡ್‌ನಲ್ಲಿ ಆಡುವ ಹಾಗೇ ಇಲ್ಲ.

ಬ್ಲೆಂಡರ್‌ನಲ್ಲೂ ಅದೇ ಕಥೆ. ಕಾರ್ಡ್‌ನಲ್ಲಿ ರೆಂಡರ್ ನಡೆಸುವ ಎನ್‌ವಿಡಿಯಾದ ಆಪ್ಟಿಕ್ಸ್ ಮುಂದೆ ಎಎಂಡಿಯ ಅಂಥದ್ದೇ ಹಿಪ್ ಸಪ್ಪೆ. ಅದೇ ಸೀನ್, ಅದೇ ಸ್ಯಾಂಪಲ್, ಎನ್‌ವಿಡಿಯಾದ್ದು ಮುಗಿದು ಸುಮಾರು ಹೊತ್ತಾದರೂ ಇನ್ನೊಂದು ಟೈಲ್ ತುಂಬುತ್ತಾ ಕೂತಿತ್ತು. ಆದರೆ 12 ಜಿಬಿ ತುಂಬಿದ ಗಳಿಗೆಯಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. 4ಕೆ ಟೆಕ್ಸ್‌ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಹಾಕಿದ ಒಂದು ಕೋಣೆ, ಅದರೊಳಗೆ ಗಿಡಗಳು, ಪರದೆ, ಕಾರ್ಪೆಟ್‌ನ ಕೂದಲು. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಗೆರೆ ತಲೆಗೆ ತಾಗಿದ್ದೇ ತಡ, ಡೇಟಾ ಸಿಸ್ಟಂ ರ‍್ಯಾಮ್‌ಗೆ ಹರಿಯತೊಡಗಿ ರೆಂಡರ್ ತೆವಳತೊಡಗಿತು. 16 ಜಿಬಿ ಕಾರ್ಡ್ ಅದೇ ಸೀನನ್ನು ತಣ್ಣಗೆ ಮುಗಿಸಿತು. ಟೆಕ್ಸ್‌ಚರ್‌ಗಳನ್ನು 2ಕೆಗೆ ಇಳಿಸಿದರೆ 12 ಜಿಬಿಯಲ್ಲೂ ಆಗುತ್ತದೆ, ದೂರದ ವಸ್ತುಗಳಿಗೆ ಅಷ್ಟೇ ಸಾಕು ಕೂಡ. ಆದರೆ ಪ್ರತಿ ಸಲ ಆ ಲೆಕ್ಕ ಹಾಕುವ ತಾಳ್ಮೆ ಇರಬೇಕು.

ನಾನು 4070 ಸೂಪರ್ ಉಳಿಸಿಕೊಂಡೆ. ನನ್ನ ಸೀನ್‌ಗಳು ಹೆಚ್ಚಾಗಿ ಒಂದು ಬಾಟಲಿ, ಒಂದು ಪೆಟ್ಟಿಗೆ, ಎರಡು ಲೈಟ್. ಇಡೀ ಒಳಾಂಗಣ ಮಾಡುವವರು, ಬಜೆಟ್ ಒಪ್ಪಿದರೆ, 16 ಜಿಬಿ ಇರುವ ಎನ್‌ವಿಡಿಯಾ ಕಾರ್ಡ್‌ಗೇ ಹೋಗಿ. ಬ್ಲೆಂಡರ್ ಬೇಡ, ಫೋಟೋಶಾಪ್ ಮತ್ತು ಆಟ ಮಾತ್ರ ಅನ್ನುವವರಿಗೆ 7800 ಎಕ್ಸ್‌ಟಿ ಒಳ್ಳೆಯ ಆಯ್ಕೆ, ಅದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ರ‍್ಯಾಮ್ ಬೇಗ ಮುಗಿಸುತ್ತೇನೆ. 32 ಜಿಬಿ ಆಟಕ್ಕೆ ಸಾಕು. ಫೋಟೋಶಾಪ್, ಬ್ಲೆಂಡರ್, ಬ್ರೌಸರ್ ಮೂರೂ ತೆರೆದಿಡುವವರಿಗೆ 64. ಅದೂ 32 ಜಿಬಿಯ ಎರಡು ಕಡ್ಡಿ (ರ‍್ಯಾಮ್ ಸ್ಟಿಕ್), 16ರ ನಾಲ್ಕಲ್ಲ. ರೈಜನ್ 7000 ಸರಣಿಯಲ್ಲಿ ನಾಲ್ಕು ಕಡ್ಡಿ ಹಾಕಿದರೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ ಡಿಡಿಆರ್5-3600ಕ್ಕೆ ಇಳಿಯುತ್ತದೆ, ಎರಡಾದರೆ 5200. ಬಯೋಸ್‌ನಲ್ಲಿ ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಪೋ ಆನ್ ಮಾಡಿದ್ದರಿಂದ ನನ್ನ ಎರಡು ಕಡ್ಡಿ 6000ದಲ್ಲಿ ಓಡುತ್ತಿವೆ. ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಗೇ ಇರುತ್ತದೆ. ಅದು ಮೆಮೊರಿ ಟ್ರೇನಿಂಗ್, ಪಿಸಿ ರ‍್ಯಾಮ್‌ಗೆ ಹೊಂದಿಕೊಳ್ಳುತ್ತಿರುತ್ತದೆ, ಗಾಬರಿಯಾಗಿ ಪವರ್ ತೆಗೆಯಬೇಡಿ. ಎಸ್‌ಎಸ್‌ಡಿಯಲ್ಲಿ ಜೆನ್ 4 (ನಾಲ್ಕನೇ ತಲೆಮಾರಿನದು) ಸಾಕು. ಜೆನ್ 5 ಹಾಕಿ ನೋಡಿದರೂ ಫೈಲ್ ತೆರೆಯುವಾಗ ವ್ಯತ್ಯಾಸ ಗೊತ್ತಾಗಲಿಲ್ಲ, ಬಿಸಿ ಮಾತ್ರ ಗೊತ್ತಾಯಿತು.

ಮಾನಿಟರ್‌ನಲ್ಲಿ ನಮ್ಮಿಬ್ಬರ ದಾರಿ ಬೇರೆಯಾಯಿತು. ನಾನು 27 ಇಂಚಿನ 1440ಪಿ, 165 ಹರ್ಟ್ಜ್ ಐಪಿಎಸ್ ಪ್ಯಾನೆಲ್ ತೆಗೆದುಕೊಂಡೆ. ವೈಡ್ ಗ್ಯಾಮಟ್ (ಹೆಚ್ಚು ಬಣ್ಣ ತೋರಿಸುವ ಶಕ್ತಿ) ಇರುವುದರಿಂದ ವೆಬ್‌ಗೆ ಮಾಡಿದ ಕೆಂಪು ಬ್ಯಾನರ್ ಮೊದಲು ಕಣ್ಣು ಕುಕ್ಕುತ್ತಿತ್ತು, ವೆಬ್‌ನ ಸಾಮಾನ್ಯ ಬಣ್ಣಗಳಿಗೆ ಸೀಮಿತವಾದ ಎಸ್‌ಆರ್‌ಜಿಬಿ ಮೋಡ್ ಹಾಕಿದ ಮೇಲೆ ಸರಿಹೋಯಿತು. ಅವನು 4ಕೆ, 60 ಹರ್ಟ್ಜ್ ತೆಗೆದುಕೊಂಡ. ಅಕ್ಷರ ಅದರಲ್ಲಿ ಅಚ್ಚು ಹಾಕಿದ ಹಾಗೆ ಕಾಣುತ್ತದೆ, ಅದನ್ನು ಒಪ್ಪಲೇಬೇಕು. ಆಟವನ್ನು 1440ಪಿಗೆ ಇಳಿಸಿ ಆಡುತ್ತಾನೆ, ಚಿತ್ರ ಸ್ವಲ್ಪ ಮಂಜಾಗುತ್ತದೆ. ಕಂಟ್ರೋಲರ್ ಹಿಡಿದು ನಿಧಾನದ ಆಟ ಆಡುವವನಿಗೆ ಅದೇನೂ ಬೇಸರ ತಂದಂತಿಲ್ಲ.