ಆರ್‌ಕ್ಲೋನ್: ಫೈಲ್ ಸಾಗಿಸಲು ಗಟ್ಟಿ ಸಾಧನ, ಸಿಂಕ್ ಮಾತ್ರ ಜೋಪಾನ

ಗೂಗಲ್ ಡ್ರೈವ್, ಅಮೆಜಾನ್‌ನ ಕ್ಲೌಡ್ ಸಂಗ್ರಹ ಎಸ್3, ಮನೆಯ ಹಾರ್ಡ್‌ಡಿಸ್ಕ್ ಎಲ್ಲದರ ನಡುವೆಯೂ ಫೈಲ್ ಸಾಗಿಸಲು ಆರ್‌ಕ್ಲೋನ್‌ನಷ್ಟು ನಂಬಿಕಸ್ಥ ಸಾಧನ ಸಿಗುವುದು ಕಷ್ಟ. ಉಚಿತ, ಮುಕ್ತ ತಂತ್ರಾಂಶ; ಟರ್ಮಿನಲ್‌ನಲ್ಲಿ ಆದೇಶ ಟೈಪ್ ಮಾಡಿ ಬಳಸುವಂಥದ್ದು. 'ಆರ್‌ಕ್ಲೋನ್ ಕಾನ್ಫಿಗ್' ಓಡಿಸಿ ಖಾತೆ ಜೋಡಿಸಿದರೆ ತಯಾರಿ ಮುಗಿಯಿತು.

'ಕಾಪಿ' ಹೊಸದನ್ನು, ಬದಲಾದದ್ದನ್ನು ಮಾತ್ರ ಕಳಿಸುತ್ತದೆ. 'ಸಿಂಕ್' ಹಾಗಲ್ಲ, ಮೂಲದಲ್ಲಿ ಇಲ್ಲದ್ದನ್ನೆಲ್ಲ ಗುರಿಯಲ್ಲೂ ಅಳಿಸಿಬಿಡುತ್ತದೆ. ಎರಡು ವಿಳಾಸ ಅದಲುಬದಲಾದರೆ ಅಸಲಿಗೇ ಸಂಚಕಾರ! ಆದ್ದರಿಂದ ಸಿಂಕ್‌ಗೆ ಮೊದಲು ತಪ್ಪದೆ 'ಡ್ರೈ-ರನ್' (ಏನನ್ನೂ ಬದಲಿಸದ ಪರೀಕ್ಷಾ ಓಟ) ಹಾಕಿ, ಏನೇನು ಅಳಿಯಲಿದೆ ಎಂದು ಸಾಲು ಸಾಲಾಗಿ ಓದಿ. ಇನ್ನೊಂದು ಎಡವುವ ಜಾಗ: 'ಫೋಟೋಸ್' ಫೋಲ್ಡರ್ ಕಾಪಿ ಮಾಡಿದರೆ ಒಳಗಿನ ಫೈಲ್‌ಗಳಷ್ಟೇ ಹೋಗುತ್ತವೆ, ಫೋಲ್ಡರ್ ಹೋಗುವುದಿಲ್ಲ. ಗುರಿಯ ವಿಳಾಸದ ಕೊನೆಗೂ 'ಫೋಟೋಸ್' ಎಂದು ಬರೆಯಬೇಕು.

ಒಮ್ಮೆಗೆ 4 ಫೈಲ್ ಸಾಗುತ್ತವೆ. 'ಟ್ರಾನ್ಸ್‌ಫರ್ಸ್' ಆಯ್ಕೆ ಕೊಟ್ಟು ಈ ಸಂಖ್ಯೆ ಏರಿಸಬಹುದು. ಆದರೆ ಡ್ರೈವ್‌ಗೆ ಚಿಕ್ಕ ಫೈಲ್‌ಗಳು ಸೆಕೆಂಡಿಗೆ ಸುಮಾರು ಎರಡರಂತೆ ಮಾತ್ರ ಏರುತ್ತವೆ, ಅದು ಗೂಗಲ್ ಕಡೆಯ ಮಿತಿ. ಸಾವಿರಾರು ಇದ್ದರೆ ಜಿಪ್ ಮಾಡಿಯೇ ಕಳಿಸಿ. ದಿನಕ್ಕೆ 750 ಜಿಬಿ ಅಪ್‌ಲೋಡ್ ಮಿತಿಯೂ ಇದೆ.

ಮುಗಿದ ಮೇಲೆ 'ಆರ್‌ಕ್ಲೋನ್ ಚೆಕ್' ಓಡಿಸಿ, ಎರಡೂ ಕಡೆಯ ಫೈಲ್‌ಗಳು ಹೊಂದುತ್ತವೆಯೇ ನೋಡಿ. ಗೂಢಲಿಪಿ ಹಾಕಿದ ರಿಮೋಟ್ (ಆರ್‌ಕ್ಲೋನ್‌ಗೆ ಜೋಡಿಸಿದ ಸಂಗ್ರಹ) ಆದರೆ 'ಕ್ರಿಪ್ಟ್‌ಚೆಕ್' ಬೇಕು. ಬರೀ ಚೆಕ್ ಅಲ್ಲಿ ಗಾತ್ರವನ್ನಷ್ಟೇ ನೋಡುತ್ತದೆ.