ಬೇರಿಂಗ್ ಹೋದ ಎಂಜಿನ್ ಕಟ್ಟಿಸುವಾಗ ಹಳೆಯ ಆಯಿಲ್ ಕೂಲರ್ ಹಾಕಿಸಬೇಡಿ

ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದಲ್ಲಿ, ಕಳೆದ ಮಳೆಗಾಲದ ಒಂದು ಸಂಜೆ, ನನ್ನ 2 ಲೀಟರ್ ಟರ್ಬೊ ಪೆಟ್ರೋಲ್ ಕಾರಿನ ತಳಕ್ಕೆ ಕಲ್ಲೊಂದು ಬಡಿದು ಆಯಿಲ್ ಚೇಂಬರ್ ಸೀಳಿತು. ಆಯಿಲ್ ದೀಪ ಕೆಂಪಗೆ ಹೊತ್ತಿಕೊಂಡರೂ ಮಳೆಯಲ್ಲಿ ಇಳಿಯಲು ಬೇಸರವಾಗಿ, ಘಟ್ಟ ದಾಟಿ ನೋಡಿದರಾಯಿತೆಂದು ಓಡಿಸಿದೆ. ಆ ತಪ್ಪು ಪೂರ್ತಿ ನನ್ನದು. ಘಟ್ಟ ಮುಗಿಯುವ ಮೊದಲೇ ಕ್ರ್ಯಾಂಕಿನ (ಎಂಜಿನ್ನಿನೊಳಗೆ ತಿರುಗುವ ದಂಡದ) ಬೇರಿಂಗ್ ಹಿಡಿದು, ಮೂರನೇ ಸಿಲಿಂಡರಿನ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಎಂಜಿನ್ ಬ್ಲಾಕನ್ನು ಒಡೆದುಕೊಂಡು ಹೊರಬಂದಿತ್ತು. ನಾನು ಹೇಳಬೇಕಾದದ್ದು ಅನಂತರ ಕಟ್ಟಿಸಿದ ಎಂಜಿನ್ 900 ಕಿಲೋಮೀಟರಿಗೇ ಮತ್ತೆ ಹೋದ ಸಂಗತಿ.

ಗ್ಯಾರೇಜಿನವರು ಸೆಕೆಂಡ್‌ಹ್ಯಾಂಡ್ ಬ್ಲಾಕ್ ತರಿಸಿ, ಅದರ ಕ್ರ್ಯಾಂಕನ್ನು ಹುಬ್ಬಳ್ಳಿಯಲ್ಲಿ ಗ್ರೈಂಡ್ ಮಾಡಿಸಿ, ಹಾಗೆ ಸಣ್ಣಗಾದ ಕ್ರ್ಯಾಂಕಿಗೆ ಹೊಂದುವ 0.25 ಮಿ.ಮೀ. ಅಂಡರ್‌ಸೈಜ್ ಬೇರಿಂಗ್ ಹಾಕಿದರು. ಪಿಸ್ಟನ್ ರಿಂಗು, ಗ್ಯಾಸ್ಕೆಟ್ಟುಗಳೆಲ್ಲ ಹೊಸತು. ಎಂಜಿನ್ ಆಯಿಲನ್ನು ತಣಿಸುವ ಆಯಿಲ್ ಕೂಲರ್ ಮಾತ್ರ ಒಡೆದ ಎಂಜಿನ್ನಿನ ಹಳೆಯದೇ. ಕೇಳಿದ್ದಕ್ಕೆ, “ಅದಕ್ಕೇನೂ ಆಗಿಲ್ಲ ಭಟ್ರೇ, ಡೀಸೆಲ್‌ನಲ್ಲಿ ತೊಳೆದು ಗಾಳಿ ಹೊಡೆದಿದ್ದೇವೆ, ಸುಮ್ಮನೆ 12 ಸಾವಿರ ಯಾಕೆ?” ಎಂದರು. ಅಷ್ಟರಲ್ಲಾಗಲೇ ಲಕ್ಷಗಟ್ಟಲೆ ಸುರಿದಿದ್ದ ನನಗೂ ಆ ಮಾತು ಹಿತವಾಗಿಯೇ ಕೇಳಿಸಿತು.

ಬೇರಿಂಗ್ ಸವೆದು ಪುಡಿಯಾದಾಗ ಆ ಲೋಹದ ಚೂರುಗಳು ಆಯಿಲ್ ಹರಿಯುವಲ್ಲೆಲ್ಲ ಹೋಗಿ ಕೂರುತ್ತವೆ. ಕೂಲರಿನೊಳಗೆ ಒಂದರ ಮೇಲೊಂದು ಜೋಡಿಸಿದ ತೆಳು ತಗಡುಗಳ ನಡುವೆ ಇಕ್ಕಟ್ಟಾದ ದಾರಿಗಳಿರುವುದರಿಂದ, ಅಲ್ಲಿ ಸಿಕ್ಕಿಕೊಂಡ ಪುಡಿ ತೊಳೆದರೂ ಪೂರ್ತಿ ಬರುವುದಿಲ್ಲ. ಬಿಸಿ ಆಯಿಲ್ ಒತ್ತಡದಲ್ಲಿ ಹರಿಯತೊಡಗಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಫಿಲ್ಟರ್ ಇದೆಯಲ್ಲ ಎನ್ನಬೇಡಿ. ಕೂಲರ್ ಫಿಲ್ಟರಿನ ನಂತರವಿದ್ದರೆ ಪುಡಿ ನೇರ ಬೇರಿಂಗಿಗೇ ಹೋಗುತ್ತದೆ. ಮೊದಲೇ ಇದ್ದರೂ, ಆಯಿಲ್ ತಣ್ಣಗೆ ಮಂದವಾಗಿರುವಾಗ ಫಿಲ್ಟರಿನ ಬೈಪಾಸ್ ವಾಲ್ವ್ ತೆರೆದುಕೊಂಡರೆ ಸೋಸದ ಆಯಿಲ್ಲೇ ಮುಂದೆ ಹರಿಯುತ್ತದೆ. ಬೇರಿಂಗಿಗೂ ಕ್ರ್ಯಾಂಕಿಗೂ ನಡುವಿನ ಸಂದು ಕೂದಲೆಳೆಗಿಂತ ಕಿರಿದು.

500 ಕಿಲೋಮೀಟರಿಗೆ ಆಯಿಲ್ ಬದಲಿಸಿದಾಗ ಹಳೆಯದನ್ನು ಅಂಗಳದಲ್ಲಿ ಅಡಿಕೆ ಹಾಳೆಯೊಂದರ ಮೇಲೆ ಸುರಿದು ಬಿಸಿಲಿಗೆ ಓರೆ ಮಾಡಿದೆ; ಜರಿಯ ಪುಡಿ ಕಲಸಿದಂತೆ ಮಿನುಗುತ್ತಿತ್ತು. ರಿಂಗಿನ ಕಬ್ಬಿಣವಾದರೆ ಹಿಡಿಯಲೆಂದು ಅಯಸ್ಕಾಂತ ಆಡಿಸಿದರೆ ಏನೂ ಅಂಟಲಿಲ್ಲ. ಬೇರಿಂಗಿನ ತಾಮ್ರ, ತವರ, ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಗ್ಯಾರೇಜಿನವರು “ಹೊಸ ಎಂಜಿನ್, ಹಾಗೆಯೇ” ಎಂದರು, ನಾನು ನಂಬಿದೆ. ಕಾರವಾರಕ್ಕೆ ಹೋಗುವಾಗ ಅಂಕೋಲಾ ದಾಟುತ್ತಲೇ ಮೊದಲ ಸಲ ಬೇರಿಂಗ್ ಹೋದಾಗಿನ ಅದೇ ಟಕಟಕ ಸದ್ದು ಮತ್ತೆ ಶುರುವಾಯಿತು. ಈ ಬಾರಿ ಅಲ್ಲೇ ಆಫ್ ಮಾಡಿದ್ದರಿಂದ ಬ್ಲಾಕ್ ಉಳಿಯಿತು, ಆದರೆ ಕ್ರ್ಯಾಂಕಿನ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳಿದ್ದವು.

ಎರಡನೆಯ ಬಾರಿ ಬೇರೆ ಕಡೆ ಕೊಟ್ಟೆ. ಹೊಸ ಕೂಲರ್ ಹಾಕಿಸಿದೆ, ಟರ್ಬೊಗೆ ಹೋಗುವ ಆಯಿಲ್ ಪೈಪ್ ಬದಲಿಸಿದೆ, ಬ್ಲಾಕಿನ ಆಯಿಲ್ ದಾರಿಗಳ ಪ್ಲಗ್ಗುಗಳನ್ನು ಬಿಚ್ಚಿಸಿ ಬ್ರಷ್ ಹಾಕಿ ತೊಳೆಸಿದೆ. ಮೊದಲ ಸ್ಟಾರ್ಟಿಗೆ ಮುನ್ನ, ಎಂಜಿನ್ ಹೊತ್ತಿಕೊಳ್ಳದಂತೆ ಕಾರಿನ ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಗೇಜಿನಲ್ಲಿ ಆಯಿಲ್ ಒತ್ತಡ ಕಾಣುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆದರು. ಹಿಂದಿನವರು ಇದನ್ನೂ ಮಾಡಿರಲಿಲ್ಲ. ಹಳೆಯ ಕೂಲರನ್ನು ಲೇತಿನವರಿಂದ ಕೊಯ್ಯಿಸಿ ನೋಡಿದೆ. ಡೀಸೆಲ್‌ನಲ್ಲಿ ತೊಳೆದಿದ್ದೇವೆ ಎಂದಿದ್ದ ಆ ತಗಡುಗಳ ಮಡಿಕೆಗಳಲ್ಲಿ ಮೊದಲ ಎಂಜಿನ್ನಿನ ಬೇರಿಂಗ್ ಪುಡಿ ಇನ್ನೂ ಕೂತಿತ್ತು.